ಹಣೆಗೆ ಹಿಡಿದ ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿಲ್ಲ. ಆದರೂ ಹೊರದೇಶದ ನಂಟು ಇಲ್ಲಿ ಮನೆಮನೆಯ ಮಾತು. ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಎಷ್ಟೋ ಕುಟುಂಬಗಳಲ್ಲಿ ಒಬ್ಬರಾದರೂ ದುಬೈ, ಸೌದಿ, ಕುವೈತ್ ಅಥವಾ ಮಸ್ಕತ್‌ನಲ್ಲಿ ದುಡಿಯುತ್ತಿರುತ್ತಾರೆ. ಕಾರವಾರ, ಅಂಕೋಲಾ ಕಡೆಯ ಯುವಕರು ಹಡಗಿನ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಾರೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳ ಮಕ್ಕಳು ಓದಿಗೋ ಉದ್ಯೋಗಕ್ಕೋ ಅಮೆರಿಕ, ಜರ್ಮನಿಗಳಲ್ಲಿದ್ದಾರೆ. ಇವರೆಲ್ಲರೂ ಗೋವಾದ ದಾಬೋಲಿ ಅಥವಾ ಮೋಪಾ, ಮಂಗಳೂರು, ಬೆಂಗಳೂರು ನಿಲ್ದಾಣಗಳಲ್ಲಿ ಇಳಿದು, ಅಲ್ಲಿಂದ ಬಸ್ಸು, ರೈಲು, ಕಾರು ಹಿಡಿದು ಊರು ಸೇರುತ್ತಾರೆ.

2020ರ ಮಾರ್ಚ್‌ನಲ್ಲಿ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಪತ್ತೆಯಾದದ್ದು ಭಟ್ಕಳದಲ್ಲಿ, ದುಬೈಯಿಂದ ಮರಳಿದವರಲ್ಲಿ. ಅಲ್ಲಿನ ರೋಗಿಗಳಿಗೆ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಅಂದಿನಿಂದ, ಎಲ್ಲಾದರೂ ಹೊಸ ಸಾಂಕ್ರಾಮಿಕದ ಸುದ್ದಿ ಬಂದಾಗಲೆಲ್ಲ ಕರಾವಳಿಯ ಊರುಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬಂದವರು ಕೇಳುತ್ತಾರೆ: "ಏರ್‌ಪೋರ್ಟಿನಲ್ಲೇ ಚೆಕ್ ಮಾಡಿ ಬಿಟ್ಟಿದ್ದಾರಲ್ಲ, ಇನ್ನು ಮನೆಯಲ್ಲೇಕೆ ಕೂರಬೇಕು?" ಅಕ್ಕಪಕ್ಕದವರು ಕೇಳುತ್ತಾರೆ: "ಚೆಕ್ ಮಾಡಿದ್ದು ನಿಜವಾದರೆ ರೋಗ ಊರಿಗೆ ಹೇಗೆ ಬಂತು?" ಈ ಎರಡಕ್ಕೂ ಉತ್ತರ ಒಂದೇ. ನಿಲ್ದಾಣದ ತಪಾಸಣೆ ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂಬುದರಲ್ಲಿ ಆ ಉತ್ತರವಿದೆ.

ತಪಾಸಣೆ ಎಂದರೆ ಏನೇನು

ಹಣೆಗೆ ಹಿಡಿಯುವ ಯಂತ್ರವೇ ತಪಾಸಣೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದು ಒಂದು ಹಂತ ಮಾತ್ರ. ರೋಗ ಹರಡಿರುವ ದೇಶದಿಂದ ಹೊರಡುವಾಗಲೇ ಒಮ್ಮೆ ನೋಡುತ್ತಾರೆ. ಇದು ನಿರ್ಗಮನ ತಪಾಸಣೆ. ಇಳಿದ ಮೇಲೆ ಮತ್ತೊಮ್ಮೆ ನೋಡುವುದು ಆಗಮನ ತಪಾಸಣೆ. ಇಳಿದವರಿಂದ ಮೊದಲು ಒಂದು ಘೋಷಣಾ ಪತ್ರ ಪಡೆಯುತ್ತಾರೆ. ಕಳೆದ ಎರಡು ಮೂರು ವಾರಗಳಲ್ಲಿ ಯಾವ ಯಾವ ದೇಶದಲ್ಲಿದ್ದಿರಿ, ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇದೆಯೇ, ಕಾಯಿಲೆ ಬಿದ್ದವರ ಶುಶ್ರೂಷೆ ಮಾಡಿದ್ದಿರಾ, ಇಲ್ಲಿ ಎಲ್ಲಿ ಉಳಿಯುತ್ತೀರಿ, ಫೋನ್ ಸಂಖ್ಯೆ ಏನು ಎಂಬುದು ಅದರಲ್ಲಿರುತ್ತದೆ. ನಂತರ ಮೈಬಿಸಿ ನೋಡುತ್ತಾರೆ. ಸಾಲು ಸರಿಯುತ್ತಿರುವಾಗ ಯಾರು ಬಳಲಿದ್ದಾರೆ, ಯಾರು ಒಂದೇ ಸಮ ಕೆಮ್ಮುತ್ತಿದ್ದಾರೆ ಎಂದು ಸಿಬ್ಬಂದಿ ಕಣ್ಣಿನಿಂದಲೂ ಗಮನಿಸುತ್ತಾರೆ. ಸಂಶಯ ಬಂದವರನ್ನು ಬದಿಯ ಕೋಣೆಯಲ್ಲಿ ವೈದ್ಯರು ವಿವರವಾಗಿ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ ಗಂಟಲು ದ್ರವ ಅಥವಾ ರಕ್ತದ ಮಾದರಿ ತೆಗೆದು, ನಿಗದಿಯಾದ ಆಸ್ಪತ್ರೆಗೆ ಕಳುಹಿಸುತ್ತಾರೆ.

ಈ ಕೆಲಸ ಮಾಡುವವರು ವಲಸೆ ಅಧಿಕಾರಿಗಳಲ್ಲ, ಕಸ್ಟಮ್ಸ್‌ನವರೂ ಅಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿ ವಿಮಾನ ನಿಲ್ದಾಣ ಆರೋಗ್ಯ ಕಚೇರಿ, ಬಂದರು ಆರೋಗ್ಯ ಕಚೇರಿ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ವಿಮಾನಗಳಿಗೆ 1954ರ ನಿಯಮಗಳು, ಹಡಗುಗಳಿಗೆ 1955ರ ನಿಯಮಗಳು ಇವರಿಗೆ ಅಧಿಕಾರ ಕೊಟ್ಟಿವೆ. ಸಾಂಕ್ರಾಮಿಕ ಇಲ್ಲದ ದಿನಗಳಲ್ಲಿ ಈ ಕಚೇರಿಗಳು ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ. ಆದರೆ ಆಗಲೂ ನಿಲ್ದಾಣದ ಕುಡಿಯುವ ನೀರು, ಅಡುಗೆಮನೆ, ಸೊಳ್ಳೆಯ ಮರಿಹುಳುಗಳು ಬೆಳೆಯುವ ಜಾಗಗಳನ್ನು ನೋಡಿಕೊಳ್ಳುವ ಹೊಣೆ ಅವರದೇ.

ರೋಗ ಅಡಗಿರುವ ದಿನಗಳು

ಗದ್ದೆಯಲ್ಲಿ ಬೀಜ ಬಿತ್ತಿದ ಸಂಜೆಯೇ ಹೋಗಿ ನೋಡಿದರೆ ಕಾಣುವುದು ಬರೀ ಮಣ್ಣು. ಬೀಜ ಮಣ್ಣಿನೊಳಗೆ ಇಲ್ಲ ಎಂದು ಆಗ ಯಾರೂ ಹೇಳುವುದಿಲ್ಲ. ಮೊಳಕೆ ಒಡೆಯಲು ಅದಕ್ಕೆ ತನ್ನದೇ ದಿನಗಳು ಬೇಕು. ಸೋಂಕೂ ಹೀಗೆಯೇ. ವೈರಾಣು ದೇಹ ಹೊಕ್ಕ ದಿನಕ್ಕೂ ಮೊದಲ ಲಕ್ಷಣ ಕಾಣುವ ದಿನಕ್ಕೂ ನಡುವೆ ಇರುವ ಅವಧಿಯನ್ನು ವೈದ್ಯರು ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ಇಲ್ಲಿ ಅದನ್ನು ಅಡಗುಕಾಲ ಎಂದು ಕರೆಯೋಣ.

ಅಡಗುಕಾಲ ಒಂದೊಂದು ರೋಗಕ್ಕೆ ಒಂದೊಂದು ಬಗೆ. ಸಾಮಾನ್ಯ ಫ್ಲೂಗೆ 1ರಿಂದ 4 ದಿನ, ಹಳದಿ ಜ್ವರಕ್ಕೆ 3ರಿಂದ 6 ದಿನ, ಕೋವಿಡ್‌ಗೆ 2ರಿಂದ 14 ದಿನ, ನಿಪಾಗೆ ಸಾಮಾನ್ಯವಾಗಿ 4ರಿಂದ 14 ದಿನ, ಎಬೋಲಾಗೆ 2ರಿಂದ 21 ದಿನ, ಎಂಪಾಕ್ಸ್ ಅಂದರೆ ಮಂಕಿಪಾಕ್ಸ್‌ಗೆ 3ರಿಂದ 21 ದಿನ. ದುಬೈಯಿಂದ ಗೋವಾಕ್ಕೆ ಬರುವ ವಿಮಾನ ಆಕಾಶದಲ್ಲಿ ಇರುವುದು ಕೆಲವೇ ಗಂಟೆ. ಹೊರಡುವ ಹಿಂದಿನ ದಿನ ಸೋಂಕು ತಗಲಿದವರು ಇಳಿಯುವಾಗ ಸಂಪೂರ್ಣ ಆರೋಗ್ಯವಂತರಂತೆ ಇರುತ್ತಾರೆ. ಅವರು ಏನನ್ನೂ ಮುಚ್ಚಿಟ್ಟಿರುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಊರಿಗೆ ಸೋಂಕು ತಂದವರೆಂದು ಯಾರನ್ನೋ ದೂರುವ ಮೊದಲು ನೆನಪಿಡಬೇಕಾದ ಸಂಗತಿ ಇದು.

ಹಿಂದೆ ವಿದೇಶದಿಂದ ಬರುವವರು ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದರು. ಸೋಂಕಿದ್ದರೆ ಅದು ದಾರಿಯಲ್ಲೇ ಲಕ್ಷಣ ತೋರಿಸುತ್ತಿತ್ತು. ವಿಮಾನಗಳು ಬಂದ ಮೇಲೆ ಪ್ರಯಾಣದ ಅವಧಿ ಬಹುತೇಕ ಎಲ್ಲ ರೋಗಗಳ ಅಡಗುಕಾಲಕ್ಕಿಂತ ಕಡಿಮೆಯಾಗಿಬಿಟ್ಟಿತು. ಬಾಗಿಲಲ್ಲಿ ನಿಂತು ರೋಗ ಹಿಡಿಯುವುದು ಕಷ್ಟವಾದದ್ದಕ್ಕೆ ಮೂಲ ಕಾರಣ ಇದೇ.

2014ರ ಸೆಪ್ಟೆಂಬರ್ 19ರಂದು ಲೈಬೀರಿಯಾದಿಂದ ಹೊರಟ ಪ್ರಯಾಣಿಕರೊಬ್ಬರ ಮೈಬಿಸಿಯನ್ನು ನಿಲ್ದಾಣದಲ್ಲಿ ನೋಡಿದಾಗ ಜ್ವರವಿರಲಿಲ್ಲ. ಅಮೆರಿಕದ ಡಲ್ಲಾಸ್ ತಲುಪಿದ ನಂತರ, ಸೆಪ್ಟೆಂಬರ್ 24ರ ಹೊತ್ತಿಗೆ ಅವರಿಗೆ ಜ್ವರ ಶುರುವಾಯಿತು. ಅದು ಎಬೋಲಾ ಎಂದು ಆ ತಿಂಗಳ ಕೊನೆಗೆ ಖಚಿತವಾಯಿತು. ಯಂತ್ರ ಸರಿಯಾಗಿಯೇ ಓದಿತ್ತು. ಓದಲು ಅಂದು ಅಲ್ಲಿ ಏನೂ ಇರಲಿಲ್ಲ, ಅಷ್ಟೇ.

ಕೋವಿಡ್‌ನಂತಹ ರೋಗಗಳಲ್ಲಿ ಇನ್ನೊಂದು ತೊಡಕಿದೆ. ಕೆಲವರಲ್ಲಿ ಲಕ್ಷಣಗಳು ಕಾಣಿಸುವುದೇ ಇಲ್ಲ. ಕಾಣಿಸುವವರಲ್ಲೂ ಅದಕ್ಕೆ ಒಂದೆರಡು ದಿನ ಮೊದಲೇ ಸೋಂಕು ಇತರರಿಗೆ ಹರಡತೊಡಗುತ್ತದೆ. 2020ರ ಆರಂಭದಲ್ಲಿ ಲಂಡನ್ನಿನ ಸಂಶೋಧಕರು ಅಂದು ಲಭ್ಯವಿದ್ದ ಮಾಹಿತಿಯ ಮೇಲೆ ಲೆಕ್ಕ ಹಾಕಿ, ಹೊರಡುವಾಗ ಮತ್ತು ಇಳಿದಾಗ ಎರಡೂ ಕಡೆ ಮೈಬಿಸಿ ನೋಡಿದರೂ ಸೋಂಕಿತ ಪ್ರಯಾಣಿಕರಲ್ಲಿ ಸುಮಾರು ಶೇ 46ರಷ್ಟು ಮಂದಿ ತಪ್ಪಿಹೋಗುತ್ತಾರೆ ಎಂದು ಅಂದಾಜಿಸಿದ್ದರು.

ಆ ಯಂತ್ರ ಅಳೆಯುವುದು ಏನನ್ನು

ಬಿಸಿ ಇರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣಗಳನ್ನು ಹೊರಸೂಸುತ್ತದೆ. ಒಲೆಯ ಕೆಂಡ ಆರಿದಂತೆ ಕಂಡರೂ ಅಂಗೈ ಹತ್ತಿರ ಹಿಡಿದಾಗ ಕಾವು ತಟ್ಟುವುದು ಈ ಕಾರಣಕ್ಕೆ. ಹಣೆಯ ಚರ್ಮದಿಂದ ಹೊರಡುವ ಇಂತಹ ಕಿರಣಗಳನ್ನು ಯಂತ್ರ ಗ್ರಹಿಸಿ, ಅದರಿಂದ ದೇಹದ ಒಳಗಿನ ಬಿಸಿ ಎಷ್ಟಿರಬಹುದೆಂದು ಅಂದಾಜು ಮಾಡುತ್ತದೆ. ಅಂದಾಜು ಎಂಬ ಮಾತು ಇಲ್ಲಿ ಮುಖ್ಯ. ಬಾಯಿಯಲ್ಲೋ ಕಂಕುಳಲ್ಲೋ ಇಡುವ ಥರ್ಮಾಮೀಟರಿನಂತೆ ಇದು ಮೈಗೆ ತಾಗಿ ಅಳೆಯುವುದಿಲ್ಲ. ಬಿಸಿಲು, ಬೆವರು, ಗಾಳಿ, ಎಷ್ಟು ದೂರದಿಂದ ಹಿಡಿದರು ಎಂಬುದೆಲ್ಲ ಅದರ ಲೆಕ್ಕವನ್ನು ಆಚೀಚೆ ಮಾಡುತ್ತವೆ.

2020ರಲ್ಲಿ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಾನೇ ಇದನ್ನು ಹತ್ತಿರದಿಂದ ನೋಡಿದ್ದೇನೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೈಕಿನಲ್ಲಿ ಬಂದ ನನ್ನ ಮುಂದಿನವರ ಹಣೆಗೆ ಯಂತ್ರ ಹಿಡಿದಾಗ ಅದು ಕೆಂಪು ದೀಪ ತೋರಿಸಿ ಕೂಗಿಕೊಂಡಿತು. ಅವರ ಮುಖ ಬಿಳುಚಿಕೊಂಡಿತು. ಸಾಲಿನಲ್ಲಿದ್ದ ನಾವೆಲ್ಲ ಎರಡು ಹೆಜ್ಜೆ ಹಿಂದೆ ಸರಿದೆವು. ಆರೋಗ್ಯ ಸಹಾಯಕಿ ಮಾತ್ರ ಗಾಬರಿಯಾಗದೆ ಅವರನ್ನು ಚಪ್ಪರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಹಣೆಯ ಬೆವರು ಒರೆಸಿಕೊಳ್ಳಲು ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು. ಬಿಸಿ ಇಳಿದಿತ್ತು. ಪುಸ್ತಕದಲ್ಲಿ ಹೆಸರು, ಊರು, ಫೋನ್ ಬರೆದುಕೊಂಡು ಕಳುಹಿಸಿದರು. ಆ ಹತ್ತು ನಿಮಿಷ ಕಾಯದೆ ಅವರನ್ನು ನೇರ ಆಸ್ಪತ್ರೆಗೆ ಕಳುಹಿಸಿದ್ದರೆ, ನಿಜವಾಗಿ ಜ್ವರ ಇದ್ದವರ ಸಾಲಿನಲ್ಲಿ ಅವರೂ ಕುಳಿತುಕೊಳ್ಳಬೇಕಾಗುತ್ತಿತ್ತು.

ಇದರ ವಿರುದ್ಧದ ತಪ್ಪೂ ಆಗುತ್ತದೆ. ಬೆವರು ಆರುತ್ತಿರುವ ಹಣೆ ತಣ್ಣಗಿರುತ್ತದೆ. ಎರಡು ಗಂಟೆ ಮೊದಲು ಪ್ಯಾರಾಸಿಟಮಾಲ್ ಮಾತ್ರೆ ನುಂಗಿದವರ ಜ್ವರ ತಾತ್ಕಾಲಿಕವಾಗಿ ಇಳಿದಿರುತ್ತದೆ.

ಮೀನುಗಾರರಿಗೆ ಬಲೆಯ ಕಣ್ಣಿನ ಅಳತೆ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕಣ್ಣು ದೊಡ್ಡದಾದರೆ ಬೇಕಾದ ಮೀನೂ ನುಸುಳಿ ಹೋಗುತ್ತದೆ; ತೀರ ಸಣ್ಣದಾದರೆ ಬೇಡದ ಮರಿ, ಕಸಕಡ್ಡಿಯೆಲ್ಲ ತುಂಬಿ ಬಲೆಯೇ ಏಳುವುದಿಲ್ಲ. ಮೈಬಿಸಿಯ ಮಿತಿಯನ್ನು 38 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟರೆ ಸಣ್ಣ ಜ್ವರದವರು ತಪ್ಪಿಹೋಗುತ್ತಾರೆ. 37ಕ್ಕೆ ಇಳಿಸಿದರೆ ಬಿಸಿಲಲ್ಲಿ ನಡೆದು ಬಂದವರೆಲ್ಲ ಸಿಕ್ಕಿಬೀಳುತ್ತಾರೆ. ಎರಡೂ ತಪ್ಪುಗಳಿಲ್ಲದ ಮಿತಿ ಯಾವುದೂ ಇಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 10,000 ಪ್ರಯಾಣಿಕರು ಇಳಿದರು, ಅವರಲ್ಲಿ 10 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಆ ಹತ್ತರಲ್ಲಿ ಇಂದು ಜ್ವರ ಇರುವವರು 4 ಮಂದಿ. ಉಳಿದವರದು ಇನ್ನೂ ಅಡಗುಕಾಲ. ನಾಲ್ವರಲ್ಲಿ ಮೂವರನ್ನು ಯಂತ್ರ ಹಿಡಿಯಿತು. ಇತ್ತ ಸೋಂಕಿಲ್ಲದ 9,990 ಮಂದಿಯಲ್ಲಿ ನೆಗಡಿ, ಮಲೇರಿಯಾ, ಹಲ್ಲುನೋವಿನ ಬಾವು, ಬಿಸಿಲು ಹೀಗೆ ಬೇರೆ ಬೇರೆ ಕಾರಣಗಳಿಂದ 50 ಮಂದಿಯ ಹಣೆ ಬಿಸಿಯಿತ್ತು. ಒಟ್ಟು 53 ಮಂದಿಯನ್ನು ನಿಲ್ಲಿಸಿದಂತಾಯಿತು. ಅವರಲ್ಲಿ ನಿಜವಾದ ರೋಗಿಗಳು 3. ಮನೆಗೆ ಹೋದ ಸೋಂಕಿತರು 7. ಯಂತ್ರ ಕೆಟ್ಟಿಲ್ಲ, ಸಿಬ್ಬಂದಿ ಉದಾಸೀನ ಮಾಡಿಲ್ಲ. ಆದರೂ ಫಲ ಹೀಗೆ. ನಿಲ್ಲಿಸಿದವರೆಲ್ಲ ರೋಗಿಗಳಲ್ಲ, ಬಿಟ್ಟವರೆಲ್ಲ ನಿರೋಗಿಗಳೂ ಅಲ್ಲ.

ನಿಜ ಜೀವನದ ಲೆಕ್ಕ ಇದಕ್ಕಿಂತಲೂ ಕಠಿಣವಾಗಿತ್ತು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದಾಗ ಕೆನಡಾದ ವಿಮಾನ ನಿಲ್ದಾಣಗಳಲ್ಲಿ ಬಂದವರು ಹೋದವರು ಸೇರಿ ಸುಮಾರು 65 ಲಕ್ಷ ತಪಾಸಣೆಗಳು ನಡೆದವು. ಸುಮಾರು 9,100 ಮಂದಿಯನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಲಾಯಿತು. ಅವರಲ್ಲಿ ಒಬ್ಬರಿಗೂ ಸಾರ್ಸ್ ಇರಲಿಲ್ಲ.

ಹಾಗಿದ್ದರೂ ಏಕೆ ಮಾಡುತ್ತಾರೆ

ಹಾಗಾದರೆ ಇದೆಲ್ಲ ವ್ಯರ್ಥವೇ ಎಂದು ಕೇಳಬಹುದು. ರೋಗಿಯನ್ನು ಹಿಡಿಯುವುದೊಂದೇ ಗುರಿ ಎಂದುಕೊಂಡರೆ ಲಾಭ ಕಡಿಮೆಯೇ. ಆದರೆ ಗುರಿಗಳು ಬೇರೆಯೂ ಇವೆ, ಮತ್ತು ನನ್ನ ತಿಳಿವಳಿಕೆಯಲ್ಲಿ ಅವುಗಳದ್ದೇ ಹೆಚ್ಚಿನ ತೂಕ.

ಮೊದಲನೆಯದು ವಿಳಾಸ. ಘೋಷಣಾ ಪತ್ರದಲ್ಲಿ ಬರೆದ ಊರು ಮತ್ತು ಫೋನ್ ಸಂಖ್ಯೆ ನಿಲ್ದಾಣದಿಂದ ರಾಜ್ಯಕ್ಕೆ, ಅಲ್ಲಿಂದ ರೋಗಗಳ ಮೇಲೆ ಕಣ್ಣಿಡುವ ಜಿಲ್ಲೆಯ ಸರ್ವೇಕ್ಷಣಾ ಘಟಕಕ್ಕೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ಆಶಾ ಕಾರ್ಯಕರ್ತೆ ಫೋನ್ ಮಾಡಿ "ಇವತ್ತು ಹೇಗಿದ್ದೀರಿ ಅಣ್ಣ, ಜ್ವರ ಇದೆಯಾ?" ಎಂದು ಕೇಳುವುದು ಆ ಕಾಗದದ ಬಲದಿಂದ. ನಿಲ್ದಾಣ ದಾಟಿ ಬಂದ ಆ ಏಳು ಮಂದಿಯನ್ನು ಹಿಡಿಯುವ ಎರಡನೆಯ ಬಲೆ ಇದು. ತಪ್ಪು ಸಂಖ್ಯೆ ಬರೆದರೆ ಬಲೆ ಹರಿಯುವುದು ಇಲ್ಲಿಯೇ.

ಎರಡನೆಯದು ತಿಳಿವಳಿಕೆ. ಇಳಿದವರಿಗೆ ಏನು ಗಮನಿಸಬೇಕು, ಎಷ್ಟು ದಿನ, ಯಾರಿಗೆ ಕರೆ ಮಾಡಬೇಕು ಎಂದು ಹೇಳಿದರೆ, ನಾಲ್ಕನೆಯ ದಿನ ಮನೆಯಲ್ಲಿ ಜ್ವರ ಬಂದಾಗ ಅದನ್ನು ಅವರು ಬರೀ ನೆಗಡಿ ಎಂದು ತಳ್ಳಿಹಾಕುವುದಿಲ್ಲ. 2022ರ ಜುಲೈನಲ್ಲಿ ಭಾರತದ ಮೊದಲ ಮಂಕಿಪಾಕ್ಸ್ ಪ್ರಕರಣ ಕೇರಳದ ಕೊಲ್ಲಂನಲ್ಲಿ ಪತ್ತೆಯಾಯಿತು. ಅವರು ಸಂಯುಕ್ತ ಅರಬ್ ಸಂಸ್ಥಾನದಿಂದ ಬಂದವರು, ಅಲ್ಲಿ ಸೋಂಕಿತರೊಬ್ಬರ ಸಂಪರ್ಕದಲ್ಲಿದ್ದವರು. ಕೆಲವೇ ದಿನಗಳಲ್ಲಿ ಕಣ್ಣೂರಿನಲ್ಲಿ ಪತ್ತೆಯಾದ ಎರಡನೆಯವರು ದುಬೈಯಿಂದ ಬಂದು ಇಳಿದದ್ದು ನಮ್ಮ ಮಂಗಳೂರಿನಲ್ಲೇ. ಈ ಇಬ್ಬರ ರೋಗವೂ ಗೊತ್ತಾದದ್ದು ಅವರು ಆಸ್ಪತ್ರೆಗೆ ಹೋಗಿ, ಪ್ರಯಾಣದ ವಿವರ ವೈದ್ಯರ ಕೈಗೆ ಸಿಕ್ಕಿದ್ದರಿಂದ.

ಮೂರನೆಯದು ತಡೆ. ನಿಲ್ದಾಣದಲ್ಲಿ ಪರೀಕ್ಷೆ ಇದೆ ಎಂದು ಗೊತ್ತಿದ್ದರೆ ಜ್ವರ ಇರುವವರು ಪ್ರಯಾಣವನ್ನೇ ಮುಂದೂಡುತ್ತಾರೆ. ಇದನ್ನು ಎಣಿಸುವುದು ಕಷ್ಟ. 2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ಪೀಡಿತ ಮೂರು ದೇಶಗಳಲ್ಲಿ ನಿರ್ಗಮನ ತಪಾಸಣೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಸುಮಾರು 36,000 ಮಂದಿಯನ್ನು ನೋಡಿ 77 ಮಂದಿಗೆ ವಿಮಾನ ಹತ್ತಲು ಬಿಡಲಿಲ್ಲ. ಅವರಲ್ಲಿ ಯಾರಿಗೂ ಎಬೋಲಾ ಇದ್ದುದಾಗಿ ತಿಳಿದುಬರಲಿಲ್ಲ. ಹಲವರಿಗೆ ಇದ್ದದ್ದು ಮಲೇರಿಯಾ. ಆದರೂ ಈ ತಪಾಸಣೆ ಇದ್ದುದರಿಂದಲೇ ಇತರ ದೇಶಗಳು ಆ ಮೂರು ದೇಶಗಳಿಗೆ ವಿಮಾನಗಳನ್ನು ಪೂರ್ತಿ ನಿಲ್ಲಿಸದೆ ಇರಲು ಒಂದು ಆಧಾರ ಸಿಕ್ಕಿತು. ವಿಮಾನ ನಿಂತರೆ ಅಲ್ಲಿಗೆ ವೈದ್ಯರೂ ಔಷಧಿಯೂ ಹೋಗುವುದಿಲ್ಲ.

ನಾಲ್ಕನೆಯದು ಮಾದರಿ ಸಂಗ್ರಹ. 2022ರ ಡಿಸೆಂಬರ್ 24ರಿಂದ ಭಾರತಕ್ಕೆ ಬಂದ ಪ್ರತಿ ಅಂತರರಾಷ್ಟ್ರೀಯ ವಿಮಾನದ ಪ್ರಯಾಣಿಕರಲ್ಲಿ ಶೇ 2ರಷ್ಟು ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿ ಕೋವಿಡ್ ಪರೀಕ್ಷೆ ಮಾಡಲಾಯಿತು. ಶೇ 98ರಷ್ಟು ಮಂದಿಯನ್ನು ಬಿಟ್ಟರೆ ಏನು ಉಪಯೋಗ ಎಂದು ಅಂದು ಹಲವರು ಕೇಳಿದ್ದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಯಾವ ದೇಶದಿಂದ ಯಾವ ರೂಪಾಂತರಿ ವೈರಾಣು ಬರುತ್ತಿದೆ ಎಂದು ತಿಳಿಯುವುದು ಅಲ್ಲಿನ ಉದ್ದೇಶವಾಗಿತ್ತೇ ಹೊರತು ಪ್ರತಿಯೊಬ್ಬ ಸೋಂಕಿತರನ್ನು ಹಿಡಿಯುವುದಲ್ಲ.

ರೋಗಕ್ಕೆ ತಕ್ಕ ತಪಾಸಣೆ: ಹಳದಿ ಪುಸ್ತಿಕೆಯ ಉದಾಹರಣೆ

ನೈಜೀರಿಯಾ, ಕೀನ್ಯಾ, ಉಗಾಂಡಾದಂತಹ ದೇಶಗಳಿಗೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟಿನ ಜೊತೆ ಒಂದು ಸಣ್ಣ ಹಳದಿ ಪುಸ್ತಿಕೆ ಇರುವುದನ್ನು ನೀವು ನೋಡಿರಬಹುದು. ಒಳಗಿನ ಪುಟದಲ್ಲಿ ಲಸಿಕೆ ಹಾಕಿದ ದಿನ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಇರುತ್ತದೆ. ಅದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಹೋಗುವಾಗ ಇದನ್ನು ಕೇಳುತ್ತಾರೆ; ಆ ದೇಶಗಳಿಂದ ಭಾರತಕ್ಕೆ ಮರಳುವಾಗ ಇನ್ನೂ ಕಟ್ಟುನಿಟ್ಟಾಗಿ ಕೇಳುತ್ತಾರೆ. ಇಲ್ಲದಿದ್ದರೆ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸುವ ಅಧಿಕಾರ ನಿಲ್ದಾಣದ ಆರೋಗ್ಯಾಧಿಕಾರಿಗಿದೆ.

ಭಾರತ ಇಷ್ಟು ಬಿಗಿಯಾಗಿರುವುದಕ್ಕೆ ಸ್ಪಷ್ಟ ಕಾರಣವಿದೆ. ಹಳದಿ ಜ್ವರ ಹರಡುವುದು ಈಡಿಸ್ ಈಜಿಪ್ಟಿ ಸೊಳ್ಳೆಯಿಂದ. ನಮ್ಮಲ್ಲಿ ಡೆಂಗಿ ಹರಡುವ ಸೊಳ್ಳೆಯೂ ಅದೇ. ಅಂದರೆ ಸೊಳ್ಳೆ ಇಲ್ಲಿ ಧಾರಾಳವಾಗಿದೆ, ಲಸಿಕೆ ಪಡೆಯದ ಕೋಟ್ಯಂತರ ಜನರಿದ್ದಾರೆ, ವೈರಾಣು ಮಾತ್ರ ಇನ್ನೂ ಬಂದಿಲ್ಲ. ಒಣಹುಲ್ಲಿನ ಬಣವೆ ಇದೆ, ಕಿಡಿ ಇಲ್ಲ. ಆ ಕಿಡಿ ಒಳಬರದಂತೆ ನೋಡಿಕೊಳ್ಳುವುದಕ್ಕೇ ಈ ಪುಸ್ತಿಕೆ.

ಅದರ ಅಂಕಿಗಳೂ ಅರ್ಥವಿಲ್ಲದೆ ಬಂದವಲ್ಲ. 6 ದಿನ ಎಂಬುದು ಈ ರೋಗದ ಅಡಗುಕಾಲದ ಗರಿಷ್ಠ ಮಿತಿ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ದೇಹ ರಕ್ಷಣೆ ಬೆಳೆಸಿಕೊಳ್ಳಲು ಅಷ್ಟು ದಿನ ಬೇಕು. ಹಿಂದೆ ಇದು 10 ವರ್ಷಗಳಿಗೆ ಮಾತ್ರ ಸಲ್ಲುತ್ತಿತ್ತು. 2016ರ ಜುಲೈ 11ರಿಂದ ಜೀವಮಾನವಿಡೀ ಸಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು ಎಂಬುದು ಶಿರಸಿಯ ತೋಟಿಗರಿಗೆ ಗೊತ್ತು. ಅಡಿಕೆಗೊನೆಗೆ ರೋಗ ಬಿದ್ದ ಮೇಲೆ ಹೊಡೆದರೆ ಉದುರುವ ಅಡಿಕೆ ಉದುರಿಯೇ ತೀರುತ್ತದೆ. ಈ ಲಸಿಕೆಯನ್ನೂ ಹಾಗೆಯೇ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಂಡಿರಬೇಕು. ಹಜ್‌ಗೆ ಹೋಗುವವರಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆಯನ್ನು ಸೌದಿ ಅರೇಬಿಯಾ ಕಡ್ಡಾಯ ಮಾಡಿರುವುದರ ಹಿಂದೆಯೂ ಇದೇ ತರ್ಕವಿದೆ. ಲಕ್ಷಾಂತರ ಮಂದಿ ಒತ್ತಾಗಿ ಸೇರುವಲ್ಲಿ ರೋಗ ಹುಡುಕುವುದಕ್ಕಿಂತ ಮೊದಲೇ ತಡೆಯುವುದು ಸುಲಭ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಘಟ್ಟದ ಮೇಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲೂ ಜನರನ್ನು ಕಾಡಿದೆ. ಅದು ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹೀಗಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಿದ್ದಾಪುರದಿಂದ ಬಂದವರ ಮೈಬಿಸಿ ನೋಡಿದರೆ ಆ ರೋಗ ತಡೆದಂತಾಗುವುದಿಲ್ಲ. ಅಲ್ಲಿ ಬೇಕಾದದ್ದು ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ತೈಲ, ಸತ್ತ ಮಂಗಗಳ ಮಾಹಿತಿ, ಜ್ವರ ಬಂದವರಿಗೆ ಬೇಗ ಚಿಕಿತ್ಸೆ. ಸೊಳ್ಳೆಯಿಂದ ಹರಡುವ ಝೀಕಾ ರೋಗದ ವಿಷಯದಲ್ಲೂ ಸೋಂಕಿತರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲವಾದ್ದರಿಂದ ಹಣೆಯ ಯಂತ್ರಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಹಡಗುಗಳು: ಬೈತಖೋಲದ ಹಳದಿ ಬಾವುಟ

ಕಾರವಾರದ ವಾಣಿಜ್ಯ ಬಂದರು ಇರುವುದು ಬೈತಖೋಲದಲ್ಲಿ. ವಿದೇಶದಿಂದ ಹಡಗು ಬಂದಾಗ ಅದರ ಸಿಬ್ಬಂದಿ ನೇರವಾಗಿ ಇಳಿದು ಪೇಟೆಗೆ ಬರುವಂತಿಲ್ಲ. ನಾವಿಕರ ಸಂಕೇತ ಬಾವುಟಗಳಲ್ಲಿ ಪೂರ್ತಿ ಹಳದಿ ಬಣ್ಣದ ಒಂದು ಬಾವುಟವಿದೆ. "ನಮ್ಮ ಹಡಗಿನಲ್ಲಿ ರೋಗವಿಲ್ಲ, ಒಳಬರಲು ಅನುಮತಿ ಕೊಡಿ" ಎಂಬುದು ಅದರ ಅರ್ಥ. ಈಗ ಈ ಕೋರಿಕೆ ಹೆಚ್ಚಾಗಿ ಹಡಗು ಬರುವ ಮೊದಲೇ ಸಂದೇಶದ ಮೂಲಕ ಹೋಗುತ್ತದೆ. ಪ್ರಯಾಣದಲ್ಲಿ ಯಾರಾದರೂ ಸತ್ತಿದ್ದಾರೆಯೇ, ಜ್ವರ ಬಂದಿದೆಯೇ, ಯಾವ ಯಾವ ಬಂದರಿನಲ್ಲಿ ನಿಂತಿದ್ದಿರಿ ಎಂಬ ಪ್ರಶ್ನೆಗಳಿರುವ ಆರೋಗ್ಯ ಘೋಷಣೆಗೆ ಕ್ಯಾಪ್ಟನ್ ಸಹಿ ಹಾಕಬೇಕು. ಹಡಗಿನ ಸ್ವಚ್ಛತೆಯ ಪ್ರಮಾಣಪತ್ರವೂ ಬೇಕು. ಅದು 6 ತಿಂಗಳಿಗೆ ಮಾತ್ರ ಸಲ್ಲುತ್ತದೆ. ದಕ್ಕೆಗೆ ಕಟ್ಟಿದ ಹಗ್ಗಗಳ ನಡುವೆ ತಟ್ಟೆಯಂತಹ ತಗಡುಗಳನ್ನು ಸಿಕ್ಕಿಸಿರುವುದು ಹಗ್ಗದ ಮೇಲಿನಿಂದ ಇಲಿಗಳು ದಾಟದಿರಲಿ ಎಂದು.

ಇಲಿಗಳ ಈ ಭಯಕ್ಕೆ ಹಳೆಯ ಚರಿತ್ರೆಯಿದೆ. ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್ 1377ರಲ್ಲಿ ಪ್ಲೇಗು ಇರುವ ಕಡೆಯಿಂದ ಬಂದವರನ್ನು 30 ದಿನ ಊರ ಹೊರಗೆ ಇರಿಸುವ ನಿಯಮ ಮಾಡಿತು. ಮುಂದೆ ಅದು 40 ದಿನವಾಯಿತು. ಇಟಲಿಯವರ ಮಾತಿನಲ್ಲಿ ನಲವತ್ತಕ್ಕೆ ಕ್ವಾರಂಟಾ ಎನ್ನುತ್ತಾರೆ. ಕ್ವಾರಂಟೈನ್ ಎಂಬ ಶಬ್ದ ಹುಟ್ಟಿದ್ದು ಅಲ್ಲಿಂದ. ನಮ್ಮ ಕಡೆ 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕಾರವಾರ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 2020ರಲ್ಲಿ ಕೋವಿಡ್ ಬಂದಾಗ ರಾಜ್ಯಗಳು ಮೊದಲು ಕೈಗೆತ್ತಿಕೊಂಡದ್ದು ಆ 1897ರ ಕಾಯ್ದೆಯನ್ನೇ.

ಕ್ವಾರಂಟೈನ್ ಬೇರೆ, ಐಸೋಲೇಷನ್ ಬೇರೆ

ಸಂತೆಯಿಂದ ಹೊಸ ದನ ತಂದಾಗ ತಿಳಿದವರು ಅದನ್ನು ಕೊಟ್ಟಿಗೆಯ ಉಳಿದ ದನಗಳ ಜೊತೆ ತಕ್ಷಣ ಕಟ್ಟುವುದಿಲ್ಲ. ಕೆಲವು ದಿನ ಬೇರೆ ಕಟ್ಟಿ, ಮೇವು ತಿನ್ನುತ್ತದೆಯೇ, ಮೂಗು ಸೋರುತ್ತದೆಯೇ ಎಂದು ನೋಡುತ್ತಾರೆ. ಇದು ಕ್ವಾರಂಟೈನ್: ಸೋಂಕು ತಗಲಿರಬಹುದಾದ, ಆದರೆ ಇನ್ನೂ ಆರೋಗ್ಯವಾಗಿರುವವರನ್ನು ಅಡಗುಕಾಲ ಮುಗಿಯುವವರೆಗೆ ದೂರ ಇರಿಸುವುದು. ಕಾಯಿಲೆ ಬಿದ್ದ ದನವನ್ನೇ ಬೇರೆ ಕಟ್ಟುವುದು ಐಸೋಲೇಷನ್.

ಈ ಎರಡನ್ನೂ ಒಂದೇ ಕಡೆ ಬೆರೆಸಬಾರದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರ ಹಡಗಿನಲ್ಲಿದ್ದ 3,711 ಮಂದಿಯನ್ನು ಹಡಗಿನಲ್ಲೇ ಇರಿಸಿದಾಗ ಕೊನೆಗೆ 712 ಮಂದಿಗೆ ಸೋಂಕು ದೃಢಪಟ್ಟಿತು. ಅಡುಗೆ, ಊಟ, ಸ್ವಚ್ಛತೆಯ ಕೆಲಸ ಮಾಡುತ್ತಿದ್ದ ಸಿಬ್ಬಂದಿ ಪ್ರತ್ಯೇಕವಾಗಿರಲು ಸಾಧ್ಯವೇ ಇರಲಿಲ್ಲ. ಅವರಲ್ಲಿ ಭಾರತೀಯರೂ ಇದ್ದರು. ಹಡಗಿನ ಕೆಲಸಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳು ನಮ್ಮಲ್ಲೂ ಇರುವುದರಿಂದ ಆ ದಿನಗಳ ಆತಂಕ ಇಲ್ಲಿನವರಿಗೆ ಚೆನ್ನಾಗಿ ನೆನಪಿದೆ.

ಯಾರ ನಿಯಮ, ಪ್ರಯಾಣಿಕರ ಹಕ್ಕು ಏನು

ಒಂದೊಂದು ದೇಶ ತನಗೆ ತೋಚಿದಂತೆ ಮಾಡದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದೆ. 2005ರಲ್ಲಿ ಪರಿಷ್ಕೃತವಾದ ಇದು 2007ರ ಜೂನ್ 15ರಂದು ಜಾರಿಗೆ ಬಂತು. ರೋಗ ಗಡಿ ದಾಟುವ ಗಂಭೀರ ಸ್ಥಿತಿ ಬಂದಾಗ ಇದರಡಿಯಲ್ಲಿ ಅಂತರರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಲಾಗುತ್ತದೆ. 2009ರ ಎಚ್1ಎನ್1 ಫ್ಲೂನಿಂದ 2024ರ ಆಗಸ್ಟ್‌ನ ಎಂಪಾಕ್ಸ್‌ವರೆಗೆ ಹೀಗೆ 8 ಬಾರಿ ಘೋಷಣೆಯಾಗಿದೆ. ಸುದ್ದಿಯಲ್ಲಿ ಈ ಮಾತು ಕೇಳಿದ ಕೂಡಲೇ ರೋಗ ನಮ್ಮ ಊರಿಗೆ ಬಂತು ಎಂದು ಅರ್ಥವಲ್ಲ; ದೇಶಗಳು ಒಟ್ಟಾಗಿ ಸಿದ್ಧವಾಗಬೇಕು ಎಂಬ ಸೂಚನೆ ಅದು.

ಇದೇ ನಿಯಮಾವಳಿ ಪ್ರಯಾಣಿಕರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಅವರ ಲಿಂಗ, ಧರ್ಮ, ಸಂಸ್ಕೃತಿಗಳನ್ನು ಗಮನದಲ್ಲಿಡಬೇಕು, ಇರಿಸಿಕೊಂಡವರಿಗೆ ಊಟ, ನೀರು, ಚಿಕಿತ್ಸೆ ಒದಗಿಸಬೇಕು ಎಂದು ಹೇಳುತ್ತದೆ. ಸಾಮಾನ್ಯವಾಗಿ ತಿಳಿಸಿ ಒಪ್ಪಿಗೆ ಪಡೆಯದೆ ವೈದ್ಯಕೀಯ ಪರೀಕ್ಷೆ ಅಥವಾ ಲಸಿಕೆ ಮಾಡುವಂತಿಲ್ಲ. ಆದರೆ ಜನರ ಆರೋಗ್ಯಕ್ಕೆ ಕೂಡಲೇ ಅಪಾಯವಿದ್ದರೆ ದೇಶದ ಕಾನೂನಿನಂತೆ ಕಡ್ಡಾಯ ಮಾಡುವ ಅವಕಾಶವಿದೆ. ಭಾಷೆ ತಿಳಿಯದಿದ್ದರೆ ಪತ್ರದಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಂಡೇ ಸಹಿ ಹಾಕಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಮನೆ ತಲುಪಿದ ಮೇಲೆ ಜ್ವರ ಬಂದರೆ

ಜ್ವರದ ವಿಷಯ ಹೇಳಿದರೆ ಊರವರು ಏನೆಂದಾರೋ ಎಂಬ ಅಂಜಿಕೆಯಿಂದ ಮುಚ್ಚಿಡುವುದು ಎಲ್ಲಕ್ಕಿಂತ ಅಪಾಯಕಾರಿ, ಅದೂ ಮೊದಲು ಮುಚ್ಚಿಟ್ಟವರಿಗೇ. ಆಫ್ರಿಕಾದಿಂದ ಬಂದವರಿಗೆ ಜ್ವರ ಬಂದರೆ ಅದು ಹೊಸ ಸಾಂಕ್ರಾಮಿಕಕ್ಕಿಂತ ಮಲೇರಿಯಾ ಆಗಿರುವ ಸಾಧ್ಯತೆ ಹೆಚ್ಚು. ಅಲ್ಲಿನ ಫಾಲ್ಸಿಪಾರಮ್ ಮಲೇರಿಯಾ ಕೆಲವೇ ದಿನಗಳಲ್ಲಿ ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲದು. ಬೇಗ ರಕ್ತ ಪರೀಕ್ಷಿಸಿದರೆ ಅದಕ್ಕೆ ಖಚಿತ ಔಷಧವಿದೆ. ಎಬೋಲಾ ಎಂದಾರು ಎಂಬ ಭಯಕ್ಕೆ ಜ್ವರ ಮುಚ್ಚಿಟ್ಟವರು ಈ ಔಷಧವನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಕ್ರಮ. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ ಅಥವಾ 104 ಆರೋಗ್ಯವಾಣಿ, ಯಾವುದಾದರೂ ಸರಿ. ಹಾಗೆ ಮಾಡಿದರೆ ಅವರು ಬಸ್ಸಿನಲ್ಲಿ ಬರಬೇಡಿ ಎಂದೋ, ಹಿಂಬಾಗಿಲಿನಿಂದ ಬನ್ನಿ ಎಂದೋ ಹೇಳಿ, ಹೊರರೋಗಿಗಳ ಸಾಲಿನಲ್ಲಿ ಕೂರಿಸದೆ ನೋಡುವ ಏರ್ಪಾಡು ಮಾಡಬಹುದು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆಯಲ್ಲಿ ಈ ಮುನ್ಸೂಚನೆಗೆ ಇನ್ನೂ ಹೆಚ್ಚಿನ ಬೆಲೆ. ಅಲ್ಲಿ ಒಂದೇ ಹಾಲ್‌ನಲ್ಲಿ ಗರ್ಭಿಣಿಯರೂ ಡಯಾಲಿಸಿಸ್‌ಗೆ ಬಂದವರೂ ಕುಳಿತಿರುತ್ತಾರೆ. ಜ್ವರದ ಮಾತ್ರೆ ತೆಗೆದುಕೊಂಡಿದ್ದರೆ ಯಾವಾಗ ತೆಗೆದುಕೊಂಡಿರಿ ಎಂದು ಹೇಳಬೇಕು. ವೈದ್ಯರು ಕೇಳದಿದ್ದರೂ ಯಾವ ದೇಶದಿಂದ, ಯಾವ ದಿನ ಹೊರಟಿರಿ, ದಾರಿಯಲ್ಲಿ ಎಲ್ಲಿ ವಿಮಾನ ಬದಲಿಸಿದಿರಿ ಎಂಬುದನ್ನು ಮೊದಲ ಮಾತಾಗಿ ಹೇಳಬೇಕು.

ಸೋಂಕು ದೃಢಪಟ್ಟರೆ ವಿಮಾನದಲ್ಲಿ ಅವರ ಸಾಲಿನಲ್ಲೂ ಹಿಂದು ಮುಂದಿನ ಎರಡು ಮೂರು ಸಾಲುಗಳಲ್ಲೂ ಕುಳಿತಿದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ಶುರುವಾಗುತ್ತದೆ. ಅದಕ್ಕೆ ಮೊದಲು ಬೇಕಾಗುವುದು ವಿಮಾನದ ಸಂಖ್ಯೆ ಮತ್ತು ಆಸನದ ಸಂಖ್ಯೆ. ಎರಡೂ ಬೋರ್ಡಿಂಗ್ ಪಾಸಿನ ಮೇಲೆ ಅಚ್ಚಾಗಿರುತ್ತವೆ. ಊರಿಗೆ ಬಂದು 21 ದಿನ ಕಳೆಯುವವರೆಗೆ ಅದನ್ನು ಪಾಸ್‌ಪೋರ್ಟಿನ ಒಳಗೇ ಇಟ್ಟುಕೊಂಡಿರಿ.